ಲ್ಯಾಂಡ್‌ಮಾಸ್ಟರ್ ಗೆದ್ದ ದಿನ

ಅಣ್ಣ ಅನಿಲನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಮ್ಮ ಅವ್ವ ರುಕ್ಮವ್ವ ಮದುಮಗಳಾಗಿ ಮುದ್ದೇಬಿಹಾಳಕ್ಕೆ ಬಂದದ್ದು ಅಪ್ಪನ ಲ್ಯಾಂಡ್‌ಮಾಸ್ಟರ್ ಕಾರಿನಲ್ಲಿ. ಅಪ್ಪ ತೀರಿಕೊಂಡ ಮೇಲೂ ಅವಳು ಅದನ್ನು ಮಾರಗೊಡಲಿಲ್ಲ. ಮಗಳು ಭುವನೇಶ್ವರಿಯೂ, ಅಂದರೆ ನಾನೂ, ಅದರಲ್ಲೇ ಗಂಡನ ಮನೆಗೆ ಹೋಗಬೇಕು ಎಂಬುದೊಂದೇ ಅವಳ ಹಟ. ತೊಂಬತ್ತಾರರ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು.

ಬೀಗರು ತಾಳಿಕೋಟೆಯಿಂದ ಹಳೆಯ ಫಿಯೆಟ್ ತಂದಿದ್ದರು. ಊಟವಾದ ಮೇಲೆ ಗಂಡನ ಸೋದರಮಾವ ಚನ್ನಮಲ್ಲಪ್ಪ, ನಿಮ್ಮ ಗಾಡಿ ಚಕ್ಕಡಿಯಂತೆ ಗಡಗಡಿಸುತ್ತದೆ ಎಂದು ಹಂಗಿಸಿದರು. ಅನಿಲನಿಗೆ ಅಷ್ಟೇ ಸಾಕಾಯಿತು. ಎಂಜಿನ್ ಎಷ್ಟು ನಯ ಎಂದು ನೋಡಲು ನಮ್ಮ ಕಡೆ ಒಂದು ಪರೀಕ್ಷೆ ಇತ್ತು: ಬಾನೆಟ್ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು ಎಂಜಿನ್ ಚಾಲೂ ಮಾಡುವುದು. ಚೆಲ್ಲಿದವರು ಸೋತಂತೆ.

ಎಣ್ಣೆ ನೋಡಿ ಬರುತ್ತೇನೆಂದು ಅನಿಲ ಗಾಡಿಯನ್ನು ಹಿತ್ತಲಿಗೆ ಒಯ್ದು ತಂದ. ಫಿಯೆಟ್ ಮೇಲಿನ ನೀರು ಚೆಲ್ಲಿತು. ನಮ್ಮದರ ಮೇಲೆ ಬರೀ ನಡುಗಿತು.

"ತುಂಬಿದ ಕೊಡ ತುಳುಕಂಗಿಲ್ರಿ," ಎಂದು ಅನಿಲ ಮೀಸೆ ತಿರುವಿದ. ಅವ್ವನ ಮುಖ ಅರಳಿತು. 

ಅದೇ ಜಂಬದಲ್ಲಿ ನನ್ನನ್ನೂ ಗಂಡ ಸಂಗಮೇಶನನ್ನೂ ಕೂಡ್ರಿಸಿಕೊಂಡು ಹೊರಟ. ಹಿಂದೆ ಫಿಯೆಟ್. ಅವನ ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಯೇ ಇತ್ತು. ಏನದು ಎಂದು ಕೇಳಿದರೆ, ಹಳೇ ಗಾಡಿ ಹಾಗೇ ಎಂದ. ಸುಟ್ಟ ವಾಸನೆ ಬಂದಾಗ ನಿಲ್ಲಿಸು ಎಂದೆ. ಅವನು ಕನ್ನಡಿಯಲ್ಲಿ ಫಿಯೆಟ್ ನೋಡಿದ.

"ಅವರ ಮುಂದ ನಿಲ್ಲಸಂಗಿಲ್ಲ. ಸುಮ್ಮ ಕುಂಡ್ರು."

ಅರ್ಧ ದಾರಿಯಲ್ಲಿ ಎಂಜಿನ್ ಕಿರುಗುಟ್ಟಿ ಜಾಮ್ ಆಯಿತು. ಬಾನೆಟ್ ಎತ್ತಿದರೆ ಬರೀ ಹಬೆ. ಎಂಜಿನ್ ತಂಪಾಗಿಸುವ ಫ್ಯಾನು ತಿರುಗಿಸುವ ಬೆಲ್ಟೇ ಅಲ್ಲಿರಲಿಲ್ಲ. ಫ್ಯಾನು ನಿಂತರೆ ನಡುಕ ಕಡಿಮೆಯೆಂದು ಅನಿಲ ಅದನ್ನು ಹಿತ್ತಲಲ್ಲಿ ಬಿಚ್ಚಿದ್ದ, ಬೀಗರು ಸುತ್ತ ನಿಂತಿದ್ದರಿಂದ ಮತ್ತೆ ಹಾಕಲಿಲ್ಲ. ಎಂಜಿನ್ ಸಾಯುತ್ತದೆಂದು ಗೊತ್ತಿದ್ದೂ ಓಡಿಸಿದ. ಅವ್ವನ ಗಾಡಿಗಿಂತ ಅವನ ಮೀಸೆ ದೊಡ್ಡದಾಯಿತು.

ಫಿಯೆಟ್ ಬಂದು ನಿಂತಿತು. ಏನಾಯಿತೆಂದು ಕೇಳಿದವರಿಗೆ ಅನಿಲ, ಬಿಸಿಲು ಜಾಸ್ತಿ ಎನ್ನತೊಡಗಿದ. ಅವನ ಜುಬ್ಬಾದ ಜೇಬು ಉಬ್ಬಿ ಕಪ್ಪಾಗಿತ್ತು. ಕೈ ಹಾಕಿ ಬೆಲ್ಟ್ ಎಳೆದೆ, ಎಲ್ಲರ ಎದುರೇ ಅವನ ಕೊರಳಿಗೆ ಹಾಕಿದೆ.

"ಗೆದ್ದೀಯಲ್ಲ, ಮಾಲಿ ಹಾಕ್ಕೋ. ಅವ್ವ ಇನ್ನೂ ಬಾಗಲದಾಗ ನಿಂತಿರ್ತಾಳ. ಹೋಗಿ ತೋರಸು."

ಚನ್ನಮಲ್ಲಪ್ಪ ನಗುತ್ತ ಫಿಯೆಟ್ ಬಾಗಿಲು ತೆರೆದರು. ನಾನು ಅದನ್ನೂ ಹತ್ತಲಿಲ್ಲ. ತಾಳಿಕೋಟೆ ಬಸ್ಸಿಗೆ ಕೈ ಮಾಡಿದೆ.