ಪರದೆಯ ಅಂಚು

"ಬೀದಿಯವರ ಪರದೆಯೆಲ್ಲ ಹಾರ್ತಿದೆ, ನಿಮ್ಮದು ಮಾತ್ರ ಅಲ್ಲಾಡ್ತಾನೇ ಇಲ್ವಲ್ಲ," ಎನ್ನುತ್ತ ಮನೆಗೆ ಬಂದು ನೋಡುವ ನರ್ಸ್ ಕಿಟಕಿ ಪರದೆಯ ಅಂಚನ್ನು ಹಿಡಿದಳು. ಮಡಿಕೆಯೊಳಗೆ ಏನೋ ಸಾಲಾಗಿ ಗಟ್ಟಿಗಟ್ಟಿಯಾಗಿ ಸಿಕ್ಕಿತು.

ಪಕ್ಕದ ಮಂಚದಲ್ಲಿದ್ದ ಟೈಲರಮ್ಮ ಗೋಡೆಗೆ ಮುಖ ತಿರುಗಿಸಿದಳು. ಕ್ಯಾನ್ಸರ್ ಪಕ್ಕೆಲುಬಿಗೆ ಹಬ್ಬಿದ ಮೇಲೆ ಅವಳ ಹೊಲಿಗೆ ಯಂತ್ರ ಮೂಲೆ ಸೇರಿತ್ತು. ನೋವಿಗೆಂದು ಕೊಟ್ಟ ಮಾರ್ಫಿನ್ ಮಾತ್ರೆಗಳನ್ನು ನುಂಗಿದ ಹಾಗೆ ಮಾಡಿ, ಒಂದೊಂದನ್ನೂ ಪರದೆಯ ಅಂಚಿಗೆ ಸೇರಿಸಿ ಕೈಹೊಲಿಗೆ ಹಾಕಿಬಿಟ್ಟಿದ್ದಳು. ಬಚ್ಚಿಡಬೇಕೆಂದರೆ ಬೇರೆಯವರಿಗೆ ಡಬ್ಬಿ ನೆನಪಾಗುತ್ತದೆ, ಈ ಪುಣ್ಯಾತ್ಗಿತ್ತಿಗೆ ನೆನಪಾದದ್ದು ಸೂಜಿ ದಾರ.

ಗಂಡ ಕತ್ತರಿ ತಂದು ಅಂಚು ಬಿಚ್ಚಿದ. ಇಪ್ಪತ್ತನಾಲ್ಕು ಮಾತ್ರೆ. "ಏನೇ ಇದು? ಇಷ್ಟು ದಿನ ಹಲ್ಲು ಕಚ್ಕೊಂಡು..." ಎನ್ನುತ್ತ ಅವನ್ನು ಅಂಗೈಗೆ ಬಳಿದುಕೊಂಡ.

"ನನ್ನ ತಮ್ಮ ಪೇಪರಲ್ಲಿ ಓದಿದ್ನಂತೆ. ಇದನ್ನ ತಗೊಂಡ್ರೆ ಗಡ್ಡೆ ಬೇಗ ಬೆಳೆಯುತ್ತಂತೆ. ನೋವು ತಡ್ಕೋತೀನಿ ಕಣ್ರೀ. ಇರೋ ದಿನದಲ್ಲಿ ಒಂದನ್ನೂ ಬಿಟ್ಟುಕೊಡಲ್ಲ."

ನರ್ಸ್ ಮಂಚದ ಮೇಲೆ ಕೂತಳು. "ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ. ಇಲಿಗಳ ಮೇಲೆ ಪರೀಕ್ಷೆ ಮಾಡಿದಾರೆ. ಕೆಲವು ಪರೀಕ್ಷೇಲಿ ಗಡ್ಡೆ ಬೆಳೀತು, ಕೆಲವು ಪರೀಕ್ಷೇಲಿ ಕುಗ್ಗಿತು. ಮನುಷ್ಯರ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ನಂಗೆ ಗೊತ್ತಿರೋದು ಇಷ್ಟು. ದಿನಕ್ಕೆರಡರ ಹಾಗೆ ಹನ್ನೆರಡು ದಿನ ನೀವು ನಿದ್ದೆ ಮಾಡಿಲ್ಲ, ಸರಿಯಾಗಿ ಉಂಡಿಲ್ಲ, ಮೊಮ್ಮಗಳಿಗೆ ಹೊಲೀತಿದ್ದ ಕೋಟು ಮುಟ್ಟಿಲ್ಲ. ಆ ಹನ್ನೆರಡು ದಿನ ಯಾರಿಗೆ ಬಿಟ್ಟುಕೊಟ್ರಿ?"

ಟೈಲರಮ್ಮ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಕೈ ಚಾಚಿದಳು. "ನೀರು ಕೊಡಿ. ಬೇಕಾದ್ರೆ ನಾಲಿಗೆ ಎತ್ತಿ ತೋರಿಸ್ತೀನಿ."

ಹಳೆಯ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ನರ್ಸ್ ಹೊಸದೊಂದನ್ನು ಕೊಟ್ಟಳು. ಅಂದು ಟೈಲರಮ್ಮ ಗೊರಕೆ ಹೊಡೆದಳು. ಮರುದಿನ ಸಾರಿಗೆ ಉಪ್ಪು ಸಾಲದೆಂದು ಗಂಡನ ಮೇಲೆ ರೇಗಿದಳು. ಬೈಸಿಕೊಂಡು ಅಷ್ಟು ಸುಖಪಟ್ಟ ಗಂಡಸು ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಪಾತ್ರೆ ತೊಳೆಯುತ್ತಿದ್ದಾಗ ಯಂತ್ರದ ಸದ್ದು ಕೇಳಿತು. ಒದ್ದೆ ಕೈಯಲ್ಲೇ ಓಡಿ ಬಂದ. ಒಂದೇ ತೋಳಿನ ಕೋಟು ತೊಟ್ಟು ಮೊಮ್ಮಗಳು ನಿಂತಿದ್ದಳು, ಇನ್ನೊಂದು ತೋಳು ಯಂತ್ರದ ಸೂಜಿಯಡಿ ಇತ್ತು.

"ನಾಲ್ಕು ಜೇಬು ಕೇಳಿದ್ಲು, ಐದು ಇಡ್ತಿದೀನಿ," ಎಂದಳು ಟೈಲರಮ್ಮ, ತಲೆ ಎತ್ತದೆ.

ಅವನಿಗೆ ಕಣ್ಣು ಮಂಜಾಯಿತು. ಏನಾದರೂ ಹೇಳಬೇಕಲ್ಲ ಎಂದು, "ಆ ಪರದೆ ಅಂಚು ಹಾಗೇ ಇದೆಯಲ್ಲೇ, ಹೊಲಿಯಲ್ವಾ?" ಎಂದ.

"ಇರಲಿ ಬಿಡಿ, ಹಾರ್ಲಿ."

ಗಾಳಿಗೆ ಉಬ್ಬಿದ ಪರದೆ ಒಳಗೆ ಬಂದು ಅವಳ ಭುಜ ಸವರಿ ಹೋಯಿತು. ಅವಳು ಕಾಲು ನಿಲ್ಲಿಸದೆ ತುಳಿಯುತ್ತಲೇ ಇದ್ದಳು.