ಮಿಷನ್ ನಡೆಯುವಷ್ಟು ಹೊತ್ತು

ಟಿವಿಯ ಕರಡಿ ಮತ್ತೆ ಜಾರಿ ಬಿತ್ತು, ಮಗಳು ಮತ್ತೆ ನಕ್ಕಳು, ಎಷ್ಟು ಸಲ ಬಿದ್ದರೂ ಆ ಕರಡಿಗೆ ಸೊಂಟ ನೋಯುವುದಿಲ್ಲ, ನೋಯುವುದೆಲ್ಲ ಇವಳಿಗೆ, ಬೆಳಗಿನಿಂದ ಹೊಲಿಗೆ ಮಿಷನ್ ತುಳಿಯುತ್ತಿರುವ ದರ್ಜಿಗೆ, ಇನ್ನೊಂದು ಕಾಲರ್, ಆಮೇಲೆ ಅಡುಗೆ — ಟಿವಿಗೆ ನಿಯಮ ಮಾಡಿದ್ದೂ ಇವಳೇ, ಟೀಚರ್ ಕರೆದು ಹೇಳಿದ ದಿನ, ನಿಮ್ಮ ಮಗು ಕ್ಲಾಸಲ್ಲಿ ತೂಕಡಿಸ್ತಾಳೆ, ಟಿವಿಗೆ ಒಂದು ಮಿತಿ ಇಡಿ, ಇಡೋಣ, ಯಾರು ಬೇಡವೆಂದರು, ಐದು ವರ್ಷದವಳಿಗೆ ಗಡಿಯಾರ ಓದಲು ಬರಬೇಕಲ್ಲ, ಅದಕ್ಕೇ ಅಮ್ಮನ ಮಿಷನ್ ನಡೀತಿದ್ರೆ ಟಿವಿ, ನಿಂತ್ರೆ ಟಿವಿ ಬಂದ್, ಆಮೇಲೆ ನಾನು ನೀನು ಆಟ, ಸರೀನಾ, ಹ್ಞೂಂ — ತಾನೆಂಥ ಜಾಣೆ ಎಂದು ಬೀಗಿ ಅಕ್ಕನಿಗೆ ಫೋನ್ ಮಾಡಿದ್ದೂ ಆಯಿತು, ಅಕ್ಕ ನಕ್ಕಿದ್ದಳು, ನೀನು ಮಿಷನ್ ನಿಲ್ಲಿಸೋದು ಯಾವಾಗ್ಲೇ. ಮೊದಲ ವಾರ ಮಿಷನ್ ನಿಂತೊಡನೆ ಓಡಿ ಬಂದು ಮಡಿಲಿಗೆ ಬೀಳುತ್ತಿದ್ದವಳು, ಈಗ ನಿಂತರೆ ಮುಖ ಊದಿಸುತ್ತಾಳೆ, ಅಮ್ಮಾ ಇನ್ನೊಂದು ಹೊಲಿ, ಒಂದೇ ಒಂದು, ಮೊನ್ನೆ ತನ್ನ ಫ್ರಾಕನ್ನೇ ತಂದು ಹಿಡಿದಳು, ಹರಿದೋಗಿದೆ ನೋಡು, ದರ್ಜಿಯ ಕಣ್ಣಿಗೆ ಮಣ್ಣೆರಚುವುದಕ್ಕಾಗುತ್ತದೆಯೇ, ಹರಿದಿರಲಿಲ್ಲ, ಅಂಚಿಗೆ ನೇರ ಕತ್ತರಿ ಆಡಿತ್ತು, ಬೈಯದೆ ಹೊಲಿದಳು, ಹೊಲಿಯುತ್ತ ಅತ್ತಳು, ಅಮ್ಮನಿಗೆ ಬಿಡುವಾಗುವುದೇ ಬೇಡವೆಂದು ಮಗುವಿಗೆ ಕಲಿಸಿದ್ದು ತಾನೇ ಅಲ್ಲವೇ — ನಾಳೆಯಿಂದ ಬೇರೆ ಲೆಕ್ಕ, ದಿನಕ್ಕೆ ಎರಡೇ ಕಾರ್ಯಕ್ರಮ, ಅಷ್ಟೇ, ನಾಳೆಯಿಂದ, ಎಷ್ಟು ನಾಳೆಗಳು ಬಂದು ಹೋದವೋ.

ಕೊನೆಯ ಕಾಲರ್ ಮುಗಿಯಿತು, ದಾರ ಕತ್ತರಿಸಿ ಅಂಗಿಯನ್ನು ಮಡಚಿಟ್ಟಳು, ಇನ್ನು ಕಾಲು ನಿಲ್ಲಿಸಬೇಕು, ನಿಲ್ಲಿಸಿದರೆ ಅಳು, ರಂಪ, ಅದೂ ಮುಗಿದರೆ ಆಟ, ಕೊಟ್ಟ ಮಾತು, ಈ ಸೊಂಟ ಹೊತ್ತು ಕುದುರೆಯಾಗಬೇಕು — ಒಂದು ನಿಮಿಷ, ಒಂದೇ ನಿಮಿಷ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು, ಕಾಲು ತುಳಿಯುತ್ತಲೇ ಇತ್ತು, ಕಣ್ಣೊಳಗೂ ಸೂಜಿ, ಏಳುತ್ತದೆ ಇಳಿಯುತ್ತದೆ, ಎಷ್ಟು ಹಿತ, ಯಾರೂ ಏನೂ ಕೇಳುತ್ತಿಲ್ಲ, ಮಗಳೂ ಕೇಳುತ್ತಿಲ್ಲ, ನಗುತ್ತಲೂ ಇಲ್ಲ, ಯಾಕೆ ನಗುತ್ತಿಲ್ಲ — ಕಣ್ಣು ಬಿಟ್ಟರೆ ಪಕ್ಕದಲ್ಲೇ ನಿಂತಿದ್ದಾಳೆ, ಟಿವಿಗೆ ಬೆನ್ನು ಹಾಕಿ, ಗಲ್ಲವನ್ನು ಮಿಷನ್ನಿನ ಹಲಗೆಗೆ ಊರಿ, ಅಮ್ಮಾ, ಬಟ್ಟೆನೇ ಇಲ್ವಲ್ಲ, ಮೆಲ್ಲಗೆ ಕೇಳುತ್ತಾಳೆ, ಕಾಲು ಇನ್ನೂ ನಿಂತಿಲ್ಲ, ಮಗಳು ನೋಡುತ್ತಿದ್ದಾಳೆ, ಬರೀ ಸೂಜಿ, ಮೇಲೆ, ಕೆಳಗೆ, ಬಟ್ಟೆಯಿಲ್ಲದ ಜಾಗದಲ್ಲಿ ಬರೀ ಸೂಜಿ