ಕೂತು ಹೊರಟ ಕಾದಂಬರಿಕಾರ

"ಕುತ್ತಿಗಿ ಹಿಡೀರೋ! ಮತ್ತ ವಾಲಿತು!"

ಬಸವಣ್ಣೆಮ್ಮ ಕೂಗಿದ ದನಿಗೆ ಕಾಶಿಯ ಗೋದೌಲಿಯಾ ಚೌಕದ ಗೂಳಿಗಳೆಲ್ಲ ಎದ್ದು ನಿಂತವು. ಹೆಣ ಹೊರುವ ವಿಮಾನದಲ್ಲಿ ಕೂರಿಸಿದ್ದ ಗಂಡ ಹಾಲಯ್ಯನ ತಲೆ ಎಡಕ್ಕೆ ಜೋತುಬಿದ್ದಿತ್ತು. ಬದುಕಿದ್ದಾಗ ಬ್ರಹ್ಮನಿಗೂ ತಲೆಬಾಗದ ಆಸಾಮಿ!

ವೀರಶೈವರು ಕೂತೇ ಮಣ್ಣಿಗೆ ಹೋಗಬೇಕು. ಕಾಶಿಯಲ್ಲಿ ಮಲಗಿ ಹೋಗುವವರನ್ನು ನೊಣವೂ ತಿರುಗಿ ನೋಡುವುದಿಲ್ಲ. ಮೈತುಂಬ ವಿಭೂತಿ, ರುದ್ರಾಕ್ಷಿ ಧರಿಸಿ ಕೂತು ಹೊರಟವನನ್ನು ಕಂಡು ಪಾನ್ ಅಂಗಡಿಯವನು ಕೈಮುಗಿದ. ಅವನನ್ನು ನೋಡಿ ರಿಕ್ಷಾದವರೂ ಕೈಮುಗಿದರು. ಅರೆಗಳಿಗೆಯಲ್ಲಿ ಅರ್ಧ ಕಾಶಿ ಬಂದು ದಾರಿ ಕಟ್ಟಿತು.

"ಕೌನ್ ಬಾಬಾ ಹೈಂ?" ಮುದುಕಿಯೊಬ್ಬಳು ಕೇಳಿದಳು.

"ಯಾವ ಬಾಬಾನೂ ಅಲ್ಲ, ನನ್ನ ಗಂಡ!"

ಕನ್ನಡ ತಿಳಿಯದ ಮುದುಕಿ ಅದನ್ನೇ ಮಂತ್ರವೆಂದು ತಲೆಗೆ ಒತ್ತಿಕೊಂಡಳು.

ಮಠದ ಕೊಟ್ಟೂರಯ್ಯ ಪಿಸುಗುಟ್ಟಿದ: "ಅಕ್ಕಾರ, ಹೊತ್ತು ಮುಳುಗೋದ್ರಾಗ ಸಮಾಧಿ ಆಗಬೇಕು. ದೊಡ್ಡ ಸ್ವಾಮಿಗಳು ಅಂದುಬಿಡ್ತೀನಿ. ದಾರಿ ಬಿಡ್ತಾರ."

"ಹಂಗ ಅಂದ್ರ ನಿಮ್ಮನ್ನೂ ಬಾಜೂಕ ಕೂರಿಸ್ತೀನಿ. ಜೀವನಪೂರ್ತಿ ಬರದು ಸತ್ತಾನ. ಬರದವನಾಗೇ ಹೋಗ್ಲಿ."

*

ಹುಬ್ಬಳ್ಳಿಯ ಪತ್ರಿಕೆಯಲ್ಲಿದ್ದಾಗ ಹಾಲಯ್ಯನ ವರದಿಯಲ್ಲಿ ತುಂತುರು ಬಿದ್ದರೆ ಪ್ರಳಯ, ನಾಲ್ಕು ಜನ ಸೇರಿದರೆ ಜನಸಾಗರ.

"ನಿನಗ ಸುದ್ದಿ ಬ್ಯಾಡೋ ಮಾರಾಯಾ, ಕಾದಂಬರಿ ಬರಿ," ಎಂದು ಸಂಪಾದಕರು ಬಾಗಿಲು ತೋರಿಸಿದರು. ಅದನ್ನೇ ಬಿರುದೆಂದು ಹೊತ್ತು ಮನೆಗೆ ತಂದ.

ಬಾಡಿಗೆಮನೆ, ಬಸ್‌ಸ್ಟ್ಯಾಂಡು, ಗುಮಾಸ್ತರ ಮೇಲೆ ಹಿಮಾಲಯ ನಾಚುವಷ್ಟು ಬರೆದ. ವಿಚಿತ್ರವೆಂದರೆ ಅವುಗಳಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅದಕ್ಕೇ ಯಾರೂ ಕೊಳ್ಳಲಿಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ, ಬೇರೆಯವರು ಸಾಯಲು ಬರುವ ಕಾಶಿಗೆ, ಈತ ಕೊನೆಯ ಕಾದಂಬರಿ ಮುಗಿಸಲು ಬಂದ. ಆತ ಬರೆದ ಅಷ್ಟನ್ನೂ ಬೈಯುತ್ತ ಬೈಯುತ್ತ ಶುದ್ಧಪ್ರತಿ ಮಾಡಿದವಳು, ಮೂರು ಲೋಕದಲ್ಲಿ ಅಷ್ಟನ್ನೂ ಓದಿದ ಒಂದೇ ಜೀವ, ಬಸವಣ್ಣೆಮ್ಮ.

*

ಹೊತ್ತು ಇಳಿದು ಬಿಸಿಲು ಮಾಳಿಗೆಗಳ ಮೇಲೇರಿತು. ದಾರಿ ಮಾತ್ರ ಬಿಡಲಿಲ್ಲ. ಬಸವಣ್ಣೆಮ್ಮ ಸೆರಗು ಬಿಗಿದು ರಿಕ್ಷಾ ಹತ್ತಿ ನಿಂತಳು.

"ಬಾಬಾ ನಹೀಂ! ಲೇಖಕ್! ಕಿತಾಬ್ ಲಿಖತಾ ಥಾ! ಬರೀತಿದ್ದ... ಬರೇ ಬರೀತಿದ್ದ!"

ಗೋದೌಲಿಯಾ ಹುಟ್ಟಿದಾಗಿನಿಂದ ಮೊದಲ ಸಲ ಗಪ್ಪಾಯಿತು. ಆಮೇಲೆ ಆ ಮುದುಕಿ ಕೈಯೆತ್ತಿದಳು:

"ಲೇಖಕ್ ಬಾಬಾ ಕೀ..."

"ಜೈ!"

ಜನ ತಾವಾಗಿಯೇ ಇಬ್ಭಾಗವಾದರು.

"ನಡೀರಿ ಅಕ್ಕಾರ, ದಾರಿ ಆತು," ಎಂದ ಕೊಟ್ಟೂರಯ್ಯ.

ಅಷ್ಟರಲ್ಲಿ ತಾಯಿಯೊಬ್ಬಳು ಅಕ್ಷರ ಹತ್ತಲೆಂದು ಮಗಳ ಬರೆಯುವ ಪಾಟಿಯನ್ನು ತಂದು ಹಾಲಯ್ಯನ ಕೈಗೆ ಮುಟ್ಟಿಸಿದಳು. ಅವಳ ಹಿಂದೆ ಇನ್ನೊಂದು ಪಾಟಿ, ಇನ್ನೊಂದು. ಬಸವಣ್ಣೆಮ್ಮ ರಿಕ್ಷಾದಿಂದ ಇಳಿದು ಬಂದು, ಮಂಡಿಯ ಮೇಲೆ ಮುದುಡಿಕೊಂಡಿದ್ದ ಗಂಡನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.